ಈ ಪೈಪ್ ಇವತ್ತೂ ಬೇಕಾ?

ನಾನು ಮೆಡಿಕಲ್ ವಾರ್ಡ್‌ನಲ್ಲಿ ಸ್ಟಾಫ್ ನರ್ಸ್. ನ್ಯುಮೋನಿಯಾ ಆಗಿದ್ದ ಅಜ್ಜಿಯೊಬ್ಬರು 3 ದಿನ ಐಸಿಯುನಲ್ಲಿದ್ದು ನಮ್ಮಲ್ಲಿಗೆ ಬಂದರು. ಮೂತ್ರ ಹೊರಗೆ ಹರಿಯಲೆಂದು ಅಲ್ಲಿ ಹಾಕಿದ್ದ ಯೂರಿನ್ ಪೈಪ್ (ಕ್ಯಾಥೆಟರ್) ಹಾಗೇ ಇತ್ತು. ಕೆಮ್ಮು ಇಳಿಯಿತು, ಗಂಜಿ ಬಿಟ್ಟು ಅನ್ನ ಊಟ ಮಾಡತೊಡಗಿದರು. 8ನೇ ದಿನ ನಡುಕ ಬಂದು ಜ್ವರ ಏರಿತು. ಸಂಜೆ ಹೊತ್ತಿಗೆ ಮಗಳನ್ನೇ ಗುರುತು ಹಿಡಿಯಲಿಲ್ಲ. ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬಂತು, ಮಾಮೂಲಿ ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ್ದು.

ಅವರ ಫೈಲ್ ಪೂರ್ತಿ ನೋಡಿದೆ. ಪೈಪ್ ಇನ್ನೂ ಯಾಕೆ ಇದೆ ಅಂತ ಎಲ್ಲೂ ಬರೆದಿರಲಿಲ್ಲ. ಅಷ್ಟೂ ದಿನ ಮೂತ್ರ ತುಂಬುವ ಆ ಯೂರೋಬ್ಯಾಗ್ ಖಾಲಿ ಮಾಡಿದವಳು ನಾನೇ. ಒಮ್ಮೆಯೂ ಕೇಳಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಎಷ್ಟೇ ಚೊಕ್ಕವಾಗಿ ಹಾಕಿದರೂ, ಪೈಪ್ ಇರುವ ಪ್ರತಿ ದಿನವೂ 100ರಲ್ಲಿ 3ರಿಂದ 7 ಜನರ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ. ಅವು ಪೈಪಿನ ಗೋಡೆಗೆ ಪಾಚಿಯ ಹಾಗೆ ಅಂಟಿಕೊಳ್ಳುತ್ತವೆ. ಔಷಧಿ ಆ ಪದರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಬೇಗ ತೆಗೆಯುವುದೇ ದೊಡ್ಡ ಔಷಧಿ.

ಆಮೇಲೆ ಬ್ಯಾಗ್ ಮೇಲೆ ಪ್ಲಾಸ್ಟರ್ ಅಂಟಿಸಿ, ಪೈಪ್ ಹಾಕಿದ ತಾರೀಕು ಬರೆಯತೊಡಗಿದೆ. ಬೆಳಗಿನ ರೌಂಡ್ಸ್‌ನಲ್ಲಿ, "ಸರ್, ಇವರಿಗೆ 3ನೇ ದಿನ. ಇವತ್ತೂ ಬೇಕಾ?" ಅಂತ ಕೇಳುತ್ತೇನೆ. ಮೂತ್ರ ಕಟ್ಟಿದೆಯಾ, ಗಂಟೆಗಂಟೆಗೆ ಅಳೆಯಬೇಕಾ, ಬೆನ್ನಿನ ಹುಣ್ಣಿಗೆ ಮೂತ್ರ ತಾಗುತ್ತಿದೆಯಾ, ಆಗ ಸರಿ, ಇರಲಿ. ಸುಮ್ನೆ ಅನುಕೂಲಕ್ಕೆ ಅಂದರೆ ಬೇಡ. ಮೊದಮೊದಲು ಕೇಳಲು ಹೆದರಿಕೆಯಾಗುತ್ತಿತ್ತು. ಈಗ ಡಾಕ್ಟರೇ ಬ್ಯಾಗ್ ಕಡೆ ಬಗ್ಗಿ ತಾರೀಕು ನೋಡುತ್ತಾರೆ.

ಕಷ್ಟ ಇರುವುದು ಮನೆಯವರ ಹತ್ತಿರ. "ಇರ್ಲಿ ಬಿಡಿ ಸಿಸ್ಟರ್, ರಾತ್ರಿ ಅಮ್ಮನ್ನ ಎಬ್ಬಿಸೋಕಾಗಲ್ಲ" ಅನ್ನುತ್ತಾರೆ. ಅವರ ಆಯಾಸ ನಿಜವೇ ಅಲ್ವಾ? ಅದಕ್ಕೆ ಬರೀ ಬುದ್ಧಿ ಹೇಳಿ ಬರುವುದಿಲ್ಲ. 2–3 ಗಂಟೆಗೊಮ್ಮೆ ಬೆಡ್‌ಪ್ಯಾನ್ ನಾವೇ ಕೊಡುತ್ತೇವೆ. ಮೂತ್ರ ಕಟ್ಟದ ಗಂಡಸರಿಗೆ, ಒಳಗೆ ಪೈಪ್ ಹಾಕದೆ ಹೊರಗಿನಿಂದಲೇ ತೊಡಿಸುವ ಕಾಂಡೋಮ್ ಕ್ಯಾಥೆಟರ್ ಎಷ್ಟೋ ಸಲ ಸಾಕಾಗುತ್ತದೆ. ಪೈಪ್ ಇರಲೇಬೇಕಾದವರ ಮನೆಯವರಿಗೆ ಜಾಸ್ತಿ ಹೇಳುವುದು ಒಂದೇ ಮಾತು: ಬ್ಯಾಗ್ ಸೊಂಟಕ್ಕಿಂತ ಕೆಳಗೇ ತೂಗಬೇಕು, ನೆಲಕ್ಕೆ ತಾಗಬಾರದು. ಸ್ಕ್ಯಾನಿಂಗ್‌ಗೆ ಒಯ್ಯುವಾಗ ಅದನ್ನು ಹೊಟ್ಟೆ ಮೇಲೆ ಇಟ್ಟುಬಿಡುತ್ತಾರೆ. ಬ್ಯಾಗಿನ ಮೂತ್ರ ವಾಪಸ್ ಒಳಗೆ ಹೋಗುತ್ತದೆ.

ಮೂತ್ರ ಕದಡಿದೆ, ವಾಸನೆ ಇದೆ ಅಂತ ಕಲ್ಚರ್‌ಗೆ ಓಡುವುದನ್ನೂ ಬಿಟ್ಟಿದ್ದೇವೆ. ಪೈಪ್ ತುಂಬಾ ದಿನ ಇದ್ದವರ ಕಲ್ಚರ್‌ನಲ್ಲಿ, ಕಾಯಿಲೆ ಇಲ್ಲದಿದ್ದರೂ ಏನಾದರೂ ಬರುವುದುಂಟು. ಜ್ವರ, ನಡುಕ, ಕಿಬ್ಬೊಟ್ಟೆ ನೋವಿನಂಥ ಲಕ್ಷಣ ಇದ್ದರೆ ಮಾತ್ರ ಕಳಿಸುತ್ತೇವೆ. ಅದೂ ಬ್ಯಾಗಿನಿಂದಲ್ಲ, ಸ್ಯಾಂಪಲ್ ತೆಗೆಯಲೆಂದೇ ಪೈಪಿನಲ್ಲಿರುವ ಪೋರ್ಟ್‌ನಿಂದ ಹೊಸದಾಗಿ ತೆಗೆದು.

ಹೋದ ವಾರ ತಾತನೊಬ್ಬರಿಗೆ ಬೆಳಗ್ಗೆ 6ಕ್ಕೆ ಪೈಪ್ ತೆಗೆದೆವು. 11 ಆದರೂ ಮೂತ್ರ ಬರಲಿಲ್ಲ. ಮಗ ಗಾಬರಿಯಾದ. 12ರವರೆಗೆ ನೋಡಿ, ಮೂತ್ರಕೋಶದ ಸ್ಕ್ಯಾನ್ ಮಾಡಿಸೋಣ ಅಂದೆ. ತಾತನನ್ನು ಮಂಚದ ಅಂಚಿಗೆ ಕೂರಿಸಿ, ಕರ್ಟನ್ ಎಳೆದು, ನಲ್ಲಿ ಸಣ್ಣಗೆ ಬಿಟ್ಟೆ. ಹನ್ನೊಂದೂವರೆಗೆ 300 ಎಂಎಲ್. ತಾರೀಕಿನ ಪ್ಲಾಸ್ಟರ್ ಕಿತ್ತು ಡಬ್ಬಿಗೆ ಹಾಕಿದೆ.