ಲಾಂಡ್ಸ್‌ಹೂಟ್‌ನ ಮದುವೆ, ಬವೇರಿಯಾದ ಪಾಲು

ದಕ್ಷಿಣ ಜರ್ಮನಿಯ ಮ್ಯೂನಿಕ್‌ಗೆ ಹೊಸದಾಗಿ ಬಂದವರು ಸುತ್ತಾಡಲು ಶುರುಮಾಡಿದ ಮೇಲೆ ನನ್ನನ್ನು ಕೇಳುವುದುಂಟು: ಲಾಂಡ್ಸ್‌ಹೂಟ್, ಇಂಗೊಲ್‌ಸ್ಟಾಟ್, ಶ್ಟ್ರೌಬಿಂಗ್, ಎಲ್ಲಿ ಹೋದರೂ ಡ್ಯೂಕರ ಕೋಟೆಯೊಂದು ಇದೆಯಲ್ಲ, ಏಕೆ? ಅಣ್ಣತಮ್ಮಂದಿರು ಪಾಲಾದರು, ಅದಕ್ಕೆ.

1180ರಲ್ಲಿ ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾ ಈ ಊರುಗಳೆಲ್ಲ ಇರುವ ಬವೇರಿಯಾ ನಾಡನ್ನು ವಿಟ್ಟೆಲ್ಸ್‌ಬಾಖ್ ಮನೆತನದ ಒಟ್ಟೋಗೆ ಕೊಟ್ಟ. ಆ ಮನೆತನ 1918ರವರೆಗೂ ಆಳಿತು. ಆದರೆ ಹಿರಿಯ ಮಗನಿಗೇ ಪಟ್ಟ ಎಂಬ ಕಟ್ಟಳೆ ಆಗ ಇರಲಿಲ್ಲ. 1255ರಲ್ಲಿ ನಾಡು ಎರಡಾಯಿತು. 1392ರಲ್ಲಿ ಮ್ಯೂನಿಕ್, ಲಾಂಡ್ಸ್‌ಹೂಟ್, ಇಂಗೊಲ್‌ಸ್ಟಾಟ್ ಎಂದು ಮತ್ತೆ ಒಡೆಯಿತು.

ಒಂದು ಭಾನುವಾರ ಲಾಂಡ್ಸ್‌ಹೂಟ್‌ಗೆ ಹೋಗಿಬನ್ನಿ. ರೈಲಿನಲ್ಲಿ ಒಂದು ಗಂಟೆಯೂ ಹಿಡಿಯದು. (ಹೆಸರನ್ನು ‘ಲ್ಯಾಂಡ್‌ಶಟ್’ ಎನ್ನಬೇಡಿ, ಸ್ ಮತ್ತು ಹ ಬೇರೆ ಬೇರೆ.) 1475ರಲ್ಲಿ ಇಲ್ಲಿನ ಡ್ಯೂಕನ ಮಗ ಗೇಯೋರ್ಗ್, ಪೋಲೆಂಡಿನ ರಾಜಕುಮಾರಿ ಹೆಡ್‌ವಿಗ್‌ಳನ್ನು ಮದುವೆಯಾದ. ನಾಲ್ಕು ವರ್ಷಕ್ಕೊಮ್ಮೆ ಊರಿಗೆ ಊರೇ ಆ ದಿಬ್ಬಣವನ್ನು ಮತ್ತೆ ಹೊರಡಿಸುತ್ತದೆ. ಅದಕ್ಕಾಗಿ ಗಂಡಸರು ಎಷ್ಟೋ ತಿಂಗಳು ಮೊದಲೇ ಕೂದಲು ಬೆಳೆಸುತ್ತಾರೆ. ಹೆಡ್‌ವಿಗ್‌ಳ ಬಂಗಾರದ ಬಣ್ಣದ ರಥ ಬರುವಾಗ ಬೀದಿಯ ಎರಡೂ ಬದಿಯಿಂದ ‘ಹಲ್ಲೋ’ ಎಂಬ ಕೂಗು ಏಳುತ್ತದೆ. ನೀವೂ ಕೂಗಿ, ಯಾರೂ ಹೊರಗಿನವರೆಂದು ನೋಡುವುದಿಲ್ಲ.

ಆ ಸಂಭ್ರಮದಲ್ಲಿ ನಿಂತಾಗಲೆಲ್ಲ ಮುಂದಿನದು ನೆನಪಾಗಿ ನನಗೆ ಸಂಕಟವಾಗುತ್ತದೆ. ಆ ದಂಪತಿಗೆ ಪಟ್ಟಕ್ಕೆ ಬರುವ ಗಂಡುಮಕ್ಕಳು ಉಳಿಯಲಿಲ್ಲ. ಗಂಡು ಸಂತತಿ ನಿಂತರೆ ದಾಯಾದಿಗಳಿಗೆ ಸೇರಬೇಕೆಂಬ ಒಪ್ಪಂದವಿದ್ದರೂ ಗೇಯೋರ್ಗ್ ಮಗಳು ಎಲಿಸಬೆತ್‌ಳ ಹೆಸರಿಗೆ ಉಯಿಲು ಬರೆದ. 1503ರಲ್ಲಿ ಅವನು ತೀರಿಕೊಂಡದ್ದೇ ತಡ, ದಾಯಾದಿಯಾದ ಮ್ಯೂನಿಕ್‌ನ ಡ್ಯೂಕ ಆಲ್ಬ್ರೆಖ್ಟ್ ತನ್ನ ಹಕ್ಕು ಮುಂದಿಟ್ಟ. ಯುದ್ಧ ಹತ್ತಿತು, ಹಳ್ಳಿಗಳು ಉರಿದವು. ಎಲಿಸಬೆತ್ ಮತ್ತು ಅವಳ ಗಂಡ ರೂಪ್ರೆಖ್ಟ್ ಇಬ್ಬರೂ 1504ರಲ್ಲೇ ಸತ್ತರು. 1505ರಲ್ಲಿ ಆಸ್ಟ್ರಿಯಾವನ್ನೂ ಆಳುತ್ತಿದ್ದ ಜರ್ಮನಿಯ ದೊರೆ ಮ್ಯಾಕ್ಸಿಮಿಲಿಯನ್ ತೀರ್ಪು ಕೊಟ್ಟು, ಅವರ ಚಿಕ್ಕ ಮಕ್ಕಳಿಗೆ ನಾಯ್‌ಬುರ್ಗ್ ಸುತ್ತ ಒಂದು ಪುಟ್ಟ ಸಂಸ್ಥಾನ ಮಾಡಿಸಿದ. ತೀರ್ಪಿನ ಕೂಲಿಯೆಂಬಂತೆ ಕುಫ್‌ಸ್ಟೈನ್, ಕಿಟ್ಸ್‌ಬ್ಯೂಲ್‌ಗಳನ್ನು ತಾನೇ ಇಟ್ಟುಕೊಂಡ. ವಾರಾಂತ್ಯಕ್ಕೆ ನೀವು ಬೆಟ್ಟ ಹತ್ತಲು ಹೋಗುವ ಆ ಊರುಗಳು ಇಂದು ಆಸ್ಟ್ರಿಯಾದಲ್ಲಿರುವುದು ಇದರಿಂದ.

ಉಳಿದದ್ದನ್ನು ಒಂದುಗೂಡಿಸಿದ ಆಲ್ಬ್ರೆಖ್ಟ್ 1506ರಲ್ಲಿ ಇನ್ನು ಮುಂದೆ ಹಿರಿಯ ಮಗನಿಗೇ ಪಟ್ಟ ಎಂದು ಶಾಸನ ಹೊರಡಿಸಿದ. ಅವನು ಸತ್ತ ಮೇಲೆ ಎರಡನೆಯ ಮಗ ಲುಡ್‌ವಿಗ್ ಅದನ್ನು ಒಪ್ಪದೆ ಆಳ್ವಿಕೆಯಲ್ಲಿ ಪಾಲು ಪಡೆದು ಲಾಂಡ್ಸ್‌ಹೂಟ್‌ನಲ್ಲೇ ನೆಲೆಸಿದ. ಮುಖ್ಯ ಬೀದಿಯಲ್ಲಿರುವ ಇಟಲಿ ಶೈಲಿಯ ಅರಮನೆ ಅವನದೇ. ಅದರ ಒಳಗಿನ ಅಂಗಳವನ್ನು ನೋಡದೆ ರೈಲು ಹತ್ತಬೇಡಿ.