ಫಿಟ್ಸ್ ಬಗ್ಗೆ ಹೇಳಿಕೊಡಲು ಹೋದಾಗ ನಾನು ಮಾಡುವುದು

ಆರೋಗ್ಯ, ಕಲಿಕೆ, ಅಂಗವೈಕಲ್ಯ ಇಂಥ ವಿಷಯಗಳ ಬಗ್ಗೆ ಜನರಿಗೆ ತಿಳಿಸಿಕೊಡುವುದು ನನ್ನ ಕೆಲಸ. ಶಾಲೆ, ಕಚೇರಿ, ಕಾರ್ಖಾನೆ, ಕರೆದ ಕಡೆ ಹೋಗುತ್ತೇನೆ. ಕರೆಯುವವರ ಬೇಡಿಕೆ ಹೆಚ್ಚುಕಡಿಮೆ ಒಂದೇ. "ಎಲ್ಲದರ ಬಗ್ಗೆನೂ ಸ್ವಲ್ಪ ಸ್ವಲ್ಪ ಹೇಳಿಬಿಡಿ." ನಾನು ಒಪ್ಪುವುದಿಲ್ಲ. ಒಂದು ಗಂಟೆಗೆ ಒಂದೇ ವಿಷಯ. ಎದ್ದು ಹೋಗುವಾಗ ಕೇಳಿದವರ ಕೈಗೆ ಒಂದು ಕೆಲಸ ಬಂದಿರಬೇಕು. ಅಷ್ಟು ಆಗದಿದ್ದರೆ ಸುಮ್ನೆ ಭಾಷಣ ಮಾಡಿ ಬಂದ ಹಾಗೆ, ಅಲ್ವಾ?

ನಾನು ಜಾಸ್ತಿ ತೆಗೆದುಕೊಳ್ಳುವ ವಿಷಯ ಮೂರ್ಛೆ ರೋಗ, ಅಂದರೆ ನಾವೆಲ್ಲ ಫಿಟ್ಸ್ ಅನ್ನುವುದು. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದು ಇದೆ. ಸರಿಯಾಗಿ ಪತ್ತೆಯಾಗಿ ಚಿಕಿತ್ಸೆ ಸಿಕ್ಕರೆ 100ರಲ್ಲಿ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಎರಡು ಅಂಕಿ ಬಿಟ್ಟು ಬೇರೆ ಅಂಕಿ ನಾನು ಹೇಳುವುದಿಲ್ಲ. ಮೂರನೆಯದು ಯಾರಿಗೂ ನೆನಪಿರಲ್ಲ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. "ಈಗ ಇಲ್ಲೇ ಒಬ್ಬರು ಬಿದ್ದು ಒದ್ದಾಡಲು ಶುರು ಮಾಡಿದರೆ ನೀವು ಏನು ಮಾಡ್ತೀರಿ?" ಉತ್ತರಗಳು ಸಾಲಾಗಿ ಬರುತ್ತವೆ. ಕೈಕಾಲು ಗಟ್ಟಿಯಾಗಿ ಹಿಡಿಯುತ್ತೇವೆ. ಬಾಯಿಗೆ ಚಮಚ ಇಡುತ್ತೇವೆ, ಇಲ್ಲದಿದ್ದರೆ ನಾಲಿಗೆ ನುಂಗಿಬಿಡುತ್ತಾರೆ. ಮುಖಕ್ಕೆ ನೀರು ಹಾಕುತ್ತೇವೆ. ನಾನು ನಗುವುದಿಲ್ಲ, ಬೈಯುವುದೂ ಇಲ್ಲ. ಸಹಾಯ ಮಾಡಬೇಕು ಅನ್ನುವ ಮನಸ್ಸು ಅಲ್ಲಿದೆ. ಕೈ ಮಾತ್ರ ತಪ್ಪು ಕಡೆ ಹೋಗುತ್ತಿದೆ.

ಆಮೇಲೆ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಪಾಡಿಗೆ ಮಾತಾಡುತ್ತಿದ್ದು, ಇದ್ದಕ್ಕಿದ್ದಂತೆ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟಲು ಶುರು ಮಾಡಿದರೆ ಹೇಗಿರುತ್ತದೋ, ಮಿದುಳಿನ ನರಕೋಶಗಳು ಆಗ ಹಾಗೆ ಆಗಿರುತ್ತವೆ. ಮೈ ಸೆಟೆದುಕೊಳ್ಳುತ್ತದೆ. ತುಟಿ ನೀಲಿಯಾಗಬಹುದು. ಆಮೇಲೆ ಕೈಕಾಲು ಅದುರುತ್ತವೆ. ಹೆಚ್ಚಿನ ಸಲ ಎರಡು ಮೂರು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಹೊರಗಿನಿಂದ ಹಿಡಿದರೆ ಅದು ನಿಲ್ಲುವುದಿಲ್ಲ, ಮೂಳೆಗೋ ಭುಜಕ್ಕೋ ಪೆಟ್ಟಾಗುತ್ತದೆ ಅಷ್ಟೇ. ನಾಲಿಗೆ ನುಂಗಲು ಯಾರಿಗೂ ಆಗಲ್ಲ. ಕಚ್ಚಿಕೊಳ್ಳಬಹುದು, ಅದು ವಾಸಿಯಾಗುತ್ತದೆ. ಚಮಚದಿಂದ ಮುರಿದ ಹಲ್ಲು ವಾಸಿಯಾಗುವುದಿಲ್ಲ, ಮುರಿದ ಚೂರು ಗಂಟಲಿಗೆ ಜಾರಿದರೆ ಇನ್ನೂ ಕಷ್ಟ.

ಇಷ್ಟಕ್ಕೆ ಮಾತು ಮುಗಿಸಿ ಎಲ್ಲರನ್ನೂ ಎಬ್ಬಿಸುತ್ತೇನೆ.

ಮೊದಲ ಅಭ್ಯಾಸ ಗಡಿಯಾರದ್ದು. "ಕಣ್ಣು ಮುಚ್ಚಿ. ಒಂದು ನಿಮಿಷ ಆಯಿತು ಅನ್ನಿಸಿದಾಗ ಕೈ ಎತ್ತಿ." ಬಹಳ ಜನ ಅರ್ಧ ನಿಮಿಷ ದಾಟುವ ಹೊತ್ತಿಗೇ ಕೈ ಎತ್ತಿಬಿಟ್ಟಿರುತ್ತಾರೆ. ನಿಶ್ಶಬ್ದವಾದ ಕೋಣೆಯಲ್ಲಿ, ಕುರ್ಚಿಯ ಮೇಲೆ ಕೂತು ಹೀಗೆ. ಎದುರಿಗೆ ಒಬ್ಬರು ಒದ್ದಾಡುತ್ತಿದ್ದರೆ ಒಂದು ನಿಮಿಷ ಹತ್ತು ನಿಮಿಷದ ಹಾಗೆ ಕಾಣುತ್ತದೆ. ಅದಕ್ಕೇ ಫಿಟ್ಸ್ ಶುರುವಾದ ತಕ್ಷಣ ಯಾರಾದರೂ ಒಬ್ಬರು ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ ಆಂಬುಲೆನ್ಸ್. ಒಂದು ನಿಂತು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಪೆಟ್ಟಾಗಿದ್ದರೆ, ಗರ್ಭಿಣಿಯಾಗಿದ್ದರೆ, ನೀರಿನಲ್ಲಿ ಆಗಿದ್ದರೆ, ಇದೇ ಮೊದಲ ಸಲ ಅಂತ ಗೊತ್ತಿದ್ದರೆ, 5 ನಿಮಿಷವೂ ಕಾಯಬಾರದು.

ಎರಡನೆಯದು ಮಗ್ಗುಲಿಗೆ ತಿರುಗಿಸುವುದು. ನಾನೇ ನೆಲದ ಮೇಲೆ ಅಂಗಾತ ಮಲಗುತ್ತೇನೆ. ಒಬ್ಬರನ್ನು ಕರೆದು ಪಕ್ಕದಲ್ಲಿ ಮಂಡಿಯೂರಿಸುತ್ತೇನೆ. ಅವರ ಹತ್ತಿರ ಇರುವ ನನ್ನ ಕೈಯನ್ನು ಪಕ್ಕಕ್ಕೆ ಚಾಚಬೇಕು. ಆಚೆ ಕೈಯನ್ನು ಎದೆಯ ಮೇಲಿಂದ ತಂದು, ಅದರ ಹಿಂಬದಿಯನ್ನು ಈಚೆ ಕೆನ್ನೆಗೆ ಒತ್ತಿ ಹಿಡಿಯಬೇಕು. ಆಚೆ ಕಾಲಿನ ಮಂಡಿ ಮಡಚಿ ಮೇಲೆತ್ತಿ, ಆ ಮಂಡಿಯನ್ನು ತಮ್ಮ ಕಡೆ ಎಳೆಯಬೇಕು. ಮೈ ತಾನಾಗಿ ಹೊರಳುತ್ತದೆ. ಬಲ ಬೇಕಾಗಿಲ್ಲ. ತೆಳ್ಳಗಿನ ಹುಡುಗಿಯೊಬ್ಬಳು ದಪ್ಪಗಿರುವ ನನ್ನನ್ನು ಹೊರಳಿಸಿದಾಗ ಸಭೆಯಲ್ಲಿ ನಗು ಏಳುತ್ತದೆ, ಭಯ ಅರ್ಧ ಅಲ್ಲೇ ಇಳಿಯುತ್ತದೆ. ಕೊನೆಗೆ ಗಲ್ಲ ಸ್ವಲ್ಪ ಮೇಲೆತ್ತಿ, ಬಾಯಿ ಕೆಳಮುಖವಾಗಿದೆಯಾ ನೋಡಬೇಕು. ಜೊಲ್ಲು, ನೊರೆ ಹೊರಗೆ ಹರಿದುಹೋಗಲಿ ಅಂತಲೇ ಇಷ್ಟೆಲ್ಲ.

ಅದುರುವಾಗ ಎಳೆದಾಡಬಾರದು. ಆಗ ಮಾಡುವುದು ಕಡಿಮೆ. ಸುತ್ತಲಿನ ಮೇಜು, ಕುರ್ಚಿ ಸರಿಸಿ. ತಲೆಯ ಕೆಳಗೆ ಮಡಚಿದ ಬಟ್ಟೆ ಇಡಿ. ಕನ್ನಡಕ ತೆಗೆಯಿರಿ, ಕತ್ತಿನ ಗುಂಡಿ ಬಿಚ್ಚಿ. ಅದುರು ನಿಂತ ಮೇಲೆ ಮಗ್ಗುಲಿಗೆ ತಿರುಗಿಸಿ. ಗಾಲಿಕುರ್ಚಿಯಲ್ಲಿ ಕೂತವರಿಗೆ ಬಂದರೆ ಕೆಳಗಿಳಿಸಬೇಡಿ. ಬ್ರೇಕ್ ಹಾಕಿ, ತಲೆಗೆ ಆಸರೆ ಕೊಟ್ಟರೆ ಸಾಕು. ಪೂರ್ತಿ ಎಚ್ಚರವಾಗುವ ತನಕ ನೀರು, ಮಾತ್ರೆ ಏನೂ ಬೇಡ. ಎದ್ದವರಿಗೆ ತಾನೆಲ್ಲಿದ್ದೇನೆ ಅಂತ ಗೊತ್ತಾಗಲು ಹೊತ್ತು ಹಿಡಿಯುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಒಂದು ಹೊದಿಕೆ ಹೊದಿಸಿ, ಗುಂಪು ಚದುರಿಸಿ. ಮೊಬೈಲ್ ಎತ್ತಿ ವಿಡಿಯೋ ಮಾಡುವವರನ್ನು ಮೊದಲು ಚದುರಿಸಿ.

ಶಾಲೆಗಳಲ್ಲಿ ಇದಕ್ಕೆ ಇನ್ನೊಂದು ಭಾಗ ಸೇರಿಸುತ್ತೇನೆ. ನನ್ನ ಮಟ್ಟಿಗೆ ಅದೇ ಮುಖ್ಯ. ಎಲ್ಲ ಫಿಟ್ಸ್‌ನಲ್ಲೂ ಬೀಳುವುದು, ಒದ್ದಾಡುವುದು ಇರಲ್ಲ. ಕೆಲವು ಮಕ್ಕಳು ಹತ್ತು ಹದಿನೈದು ಸೆಕೆಂಡು ಸುಮ್ನೆ ಶೂನ್ಯ ನೋಡುತ್ತಾರೆ. ರೆಪ್ಪೆ ಸ್ವಲ್ಪ ಅದುರಬಹುದು. ಆಮೇಲೆ ಏನೂ ಆಗದವರ ಹಾಗೆ ಬರೆಯಲು ಶುರು ಮಾಡುತ್ತಾರೆ. ಇದು ದಿನಕ್ಕೆ ಹತ್ತಾರು ಸಲ ಆಗಬಹುದು. ಮಗುವಿಗೇ ಗೊತ್ತಿರುವುದಿಲ್ಲ. ಮೇಷ್ಟ್ರ ಕಣ್ಣಿಗೆ ಅದು ಗಮನ ಕೊಡದ ಮಗು, ಕನಸು ಕಾಣುವ ಮಗು. ಅದಕ್ಕೇ ಶಿಕ್ಷಕರಿಗೆ ಉಕ್ತಲೇಖನದ ಪುಸ್ತಕ ನೋಡಿ ಅನ್ನುತ್ತೇನೆ. ಕಾಗುಣಿತದ ತಪ್ಪು ಬೇರೆ. ವಾಕ್ಯದ ನಡುವೆ ಮೂರು ನಾಲ್ಕು ಪದ ಪೂರ್ತಿ ಮಾಯವಾಗಿ, ಮುಂದಿನ ಪದ ಸರಿಯಾಗಿಯೇ ಶುರುವಾಗಿದ್ದರೆ ಅನುಮಾನ ಪಡಬೇಕು. ಹೆಸರು ಕರೆದು ಭುಜ ಮುಟ್ಟಿ. ಕನಸು ಕಾಣುತ್ತಿರುವ ಮಗು ತಿರುಗಿ ನೋಡುತ್ತದೆ. ಇದರಲ್ಲಿರುವ ಮಗು ನೋಡುವುದಿಲ್ಲ. ದಿನ, ಹೊತ್ತು, ಎಷ್ಟು ಸೆಕೆಂಡು, ಇಷ್ಟು ಬರೆದಿಟ್ಟು ತಂದೆತಾಯಿಗೆ ಕೊಡಿ. ರೋಗದ ಹೆಸರು ನೀವು ಹೇಳಬೇಡಿ, ಅದು ಡಾಕ್ಟರ ಕೆಲಸ.

ಪ್ರಶ್ನೆಗಳಿಗೆ ಚೀಟಿ ಹಂಚುತ್ತೇನೆ, ಹೆಸರು ಬೇಡ. ಬಾಯಿಬಿಟ್ಟು ಕೇಳಿದಾಗ ಬರುವ ಪ್ರಶ್ನೆ ಬೇರೆ, ಚೀಟಿಯಲ್ಲಿ ಬರುವುದೇ ಬೇರೆ. "ಇದು ಅಂಟುತ್ತಾ?" ಇಲ್ಲ. "ಬುದ್ಧಿ ಕಡಿಮೆ ಇರುತ್ತಾ?" ಬಹಳ ಜನರಿಗೆ ಹಾಗೇನಿಲ್ಲ. "ಫಿಟ್ಸ್ ಬಂದು ಆರು ತಿಂಗಳಾಯಿತು, ಮಾತ್ರೆ ನಿಲ್ಲಿಸಲಾ?" ಇದು ಪ್ರತಿ ಸಲ ಇರುತ್ತದೆ. ಅಂದರೆ ಆ ಕೋಣೆಯಲ್ಲೇ ಯಾರೋ ಕದ್ದುಮುಚ್ಚಿ ಮಾತ್ರೆ ನುಂಗುತ್ತಿದ್ದಾರೆ. ಇದ್ದಕ್ಕಿದ್ದಂತೆ ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಮರಳಬಹುದು, ಜೀವಕ್ಕೂ ಅಪಾಯ. ಡಾಕ್ಟರು ನಿಧಾನಕ್ಕೆ ಇಳಿಸುತ್ತಾರೆ, ನಾವಾಗಿ ಬಿಡುವಂತಿಲ್ಲ. ಈ ಉತ್ತರವನ್ನು ಎರಡು ಸಲ ಓದುತ್ತೇನೆ, ಯಾರ ಮುಖವನ್ನೂ ನೋಡದೆ.

ಸಾಧ್ಯವಾದರೆ ಫಿಟ್ಸ್ ಇರುವವರೊಬ್ಬರನ್ನೇ ಜೊತೆಗೆ ಕರೆದೊಯ್ಯುತ್ತೇನೆ. ಅವರ ಗೋಳು ಕೇಳಿಸಲಿಕ್ಕಲ್ಲ. ಬಿದ್ದಾಗ ಯಾರು ಏನು ಮಾಡಿದ್ದು ಒಳ್ಳೆಯದಾಯಿತು, ಏನು ಮಾಡಿದ್ದು ಬೇಡವಾಗಿತ್ತು, ಅಷ್ಟು ಹೇಳಲಿ ಅಂತ. ಅವರಿಗೂ ನನ್ನಷ್ಟೇ ಸಂಭಾವನೆ ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳುತ್ತೇನೆ. "ಸ್ಫೂರ್ತಿ ತುಂಬುವ ಮಾತು" ಬೇಕು ಅನ್ನುವವರಿಗೆ ಬೇರೆ ಯಾರನ್ನಾದರೂ ನೋಡಿ ಅನ್ನುತ್ತೇನೆ. ಕಣ್ಣಿಗೆ ಬಟ್ಟೆ ಕಟ್ಟಿ "ಕುರುಡರ ಕಷ್ಟ ಅನುಭವಿಸಿ" ಅನ್ನುವ ಆಟಗಳೂ ನನಗೆ ಆಗಿಬರುವುದಿಲ್ಲ. ಅದರಿಂದ ಅಯ್ಯೋ ಪಾಪ ಅನ್ನುವುದು ಹೆಚ್ಚುತ್ತದೆ. ಅಭ್ಯಾಸವಿರುವವರು ಬಿಳಿಕೋಲು ಹಿಡಿದು ಎಷ್ಟು ಸಲೀಸಾಗಿ ಓಡಾಡುತ್ತಾರೆ ಅನ್ನುವುದು ಅಲ್ಲಿ ಕಾಣುವುದೇ ಇಲ್ಲ.

ಫೆಬ್ರವರಿಯ ಎರಡನೇ ಸೋಮವಾರ ಅಂತಾರಾಷ್ಟ್ರೀಯ ಮೂರ್ಛೆರೋಗ ದಿನ. ಮಾರ್ಚ್ 26ಕ್ಕೆ ಇದೇ ರೋಗದ ಬಗ್ಗೆ ತಿಳಿವಳಿಕೆ ಮೂಡಿಸಲು ನೇರಳೆ ಬಟ್ಟೆ ಹಾಕುವ ದಿನ. ಆ ದಿನಗಳಲ್ಲಿ ಕರೆ ಬರುವುದು ಜಾಸ್ತಿ, ಫೋಟೋ ತೆಗೆಯುವುದೂ ಜಾಸ್ತಿ. ಹೋಗುತ್ತೇನೆ. ಆದರೆ ಒಂದು ಷರತ್ತು. ತಿಂಗಳಾದ ಮೇಲೆ ಹತ್ತು ನಿಮಿಷ ಕೊಡಬೇಕು, ಮತ್ತೆ ಬರುತ್ತೇನೆ. ಆಗ ಭಾಷಣ ಇಲ್ಲ. ನೆಲದ ಮೇಲೆ ಮಲಗಿ, ಯಾರಾದರೂ ಬಂದು ನನ್ನನ್ನು ಹೊರಳಿಸಿ ಅನ್ನುತ್ತೇನೆ.