ನೆರಳಿನ ಅಳತೆಯಲ್ಲಿ ಕೆತ್ತಿದ ಹದ್ದು

ಫ್ಲಾರೆನ್ಸಿನ ಓರ್ಸಾನ್‌ಮಿಕೆಲೆ ಚರ್ಚಿನ ಹೊರಗೋಡೆಯಲ್ಲಿ ಕಾಲಿಮಾಲಾ ಎಂಬ ಹಳೆಯ ಬಟ್ಟೆ ವರ್ತಕರ ಸಂಘದ, ಪ್ರತಿಮೆ ನಿಲ್ಲಿಸುವ ಗೂಡಿದೆ. ಬಟ್ಟೆಯ ಮೂಟೆಯನ್ನು ಉಗುರಿನಲ್ಲಿ ಹಿಡಿದ ಹದ್ದು ಆ ಸಂಘದ ಲಾಂಛನ. ಅಲ್ಲಿನ ಹದ್ದನ್ನು ನಾನು ಲಿಂಡನ್ ಮರದಲ್ಲಿ ಕೆತ್ತಲು ಹೊರಟಾಗ, ಫೋಟೊ ನೋಡಿ ಉಬ್ಬಿನ ಆಳ ಹಿಡಿಯಲಾಗದು ಎಂದು ಜೊತೆಯ ಕೆತ್ತನೆಗಾರರು ಕೈಬಿಡಲು ಹೇಳಿದ್ದರು. ಈಗ ಹಲಗೆ ಮುಗಿದಿದೆ. ಹಾಗೆಂದವರೇ ಬಂದು ರೆಕ್ಕೆಯ ಮೇಲೆ ಬೆರಳಾಡಿಸಿ ನೋಡಿ ಹೋಗಿದ್ದಾರೆ.

ಗೂಡಿನ ಅಮೃತಶಿಲೆಯ ಹದ್ದಿನಿಂದ ಅಚ್ಚು ತೆಗೆಯುವ ಮಾತೇ ಇಲ್ಲ. ಸ್ಕ್ಯಾನ್ ಮಾಡಿಸಲು ಸುಮಾರು 900 ಯೂರೊ ಕೇಳಿದರು. ಫೋಟೊವನ್ನು ಯಂತ್ರಕ್ಕೆ ಕೊಟ್ಟು ಕೊರೆಸಿದ್ದಕ್ಕೆ 150 ಯೂರೊ ಹೋಯಿತು; ಗರಿಗಳೆಲ್ಲ ಒಂದೇ ಮಟ್ಟಕ್ಕೆ ಬಂದು, ಮೂಟೆಯ ಹಗ್ಗ ಬರಿಯ ಗೀರಾಯಿತು.

ಕೊನೆಗೆ ಕೈಹಿಡಿದದ್ದು ಬಿಸಿಲು. ಈ ಗೂಡು ಪೂರ್ವಕ್ಕೆ, ವಿಯಾ ದೇ ಕಾಲ್ಟ್ಸಾಯುಓಲಿ ಬೀದಿಯ ಕಡೆಗಿದೆ. ಇದಕ್ಕಾಗಿ ಶಿಲ್ಪಿ ಗಿಬೆರ್ಟಿ ಮಾಡಿದ ಸ್ನಾನಿಕ ಯೋಹಾನನ ಮೂಲ ಕಂಚಿನ ಪ್ರತಿಮೆ ಈಗ ಮೇಲಂತಸ್ತಿನ ಸಂಗ್ರಹಾಲಯದಲ್ಲಿದ್ದು, ಗೂಡಿನಲ್ಲಿ ನಿಂತಿರುವುದು ಅದರ ಪ್ರತಿ. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು, ಬಿಸಿಲು ಗೋಡೆಯನ್ನು ಬಿಟ್ಟುಹೋಗುವ ಹೊತ್ತಿಗೆ, ಎಡಮೇಲಿನಿಂದ ಬರುವ ಓರೆ ಬೆಳಕಿನಲ್ಲಿ ಒಂದೊಂದು ಉಬ್ಬಿನ ನೆರಳೂ ಉದ್ದವಾಗುತ್ತದೆ. ಕ್ಯಾಮೆರಾ ಕದಲಿಸದೆ ಆ ಹೊತ್ತಿನ ಚಿತ್ರಗಳನ್ನು ಸಾಲಾಗಿ ತೆಗೆದೆ. ಮನೆಯಲ್ಲಿ ಜೇಡಿಮಣ್ಣಿನ ಹದ್ದು ಮಾಡಿ, ದೀಪವನ್ನು ಅದೇ ಓರೆಯಲ್ಲಿಟ್ಟು, ಮಣ್ಣಿನ ನೆರಳು ಚಿತ್ರದ ನೆರಳಿಗೆ ಹೊಂದುವವರೆಗೆ ತಿದ್ದಿದೆ. ದೀಪದ ದೂರವನ್ನು ಹೇಗೆ ಗೊತ್ತುಮಾಡಿಕೊಂಡೆ ಎನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆಳ ಕೈಗೆ ಸಿಕ್ಕ ಮೇಲೆ ಉಳಿಯ ಕೆಲಸ ಸಲೀಸು. ಉಗುರು ಒತ್ತಿದಲ್ಲಿ ಮೂಟೆಯ ಬಟ್ಟೆ ತಗ್ಗುವಂತೆ ಮಾಡಲು ಅರೆಗೋಲ ಉಳಿಯೊಂದೇ ಸಾಕಾಯಿತು, ಆ ಭಾಗ ನನ್ನ ಕೈಯಿಂದ ಈವರೆಗೆ ಬಂದ ಕೆಲಸದಲ್ಲೆಲ್ಲ ಉತ್ತಮವಾದದ್ದು. ಮರ, ಮಣ್ಣು, ಮೇಣ ಎಲ್ಲ ಸೇರಿ ನೂರು ಯೂರೊ ದಾಟಲಿಲ್ಲ.

ನಡುವೆ ಉತ್ತರದ ಗೋಡೆಗೂ ಹೋದೆ. ಕಲ್ಲು ಮತ್ತು ಮರಗೆಲಸದವರ ಗೂಡಿನಲ್ಲಿ, ನಾನ್ನಿ ದಿ ಬಾಂಕೊ ಕೆತ್ತಿದ ನಾಲ್ವರು ಸಂತರ ಕೆಳಗೆ, ಕುಶಲಕರ್ಮಿಗಳು ಗೋಡೆ ಕಟ್ಟುವ, ಶಿಲ್ಪ ಕಡೆಯುವ ಉಬ್ಬುಚಿತ್ರವಿದೆ. ನಮ್ಮ ಕಸಬಿನವರು ನೋಡಲೇಬೇಕಾದದ್ದು. ಆದರೆ ಅಲ್ಲಿಗೆ ಓರೆ ಬಿಸಿಲು ಸಿಗದ ಕಾರಣ ನೆರಳು ಮಂಕಾಗಿ ಹರಡುತ್ತದೆ, ಅಳತೆಗೆ ಒದಗುವುದಿಲ್ಲ. ಎದುರು ಕಿಟಕಿಗಳ ಗಾಜಿನಿಂದ ತಿರುಗಿ ಬೀಳುವ ಬೆಳಕು ಯಾವ ತಿಂಗಳಲ್ಲಾದರೂ ಆ ಗೂಡನ್ನು ತಲುಪುತ್ತದೆಯೇ ಎಂದು ಈಗ ಗಮನಿಸುತ್ತಿದ್ದೇನೆ.